‘ಕ್ಯಾರೊಸೆಲ್’ ಮತ್ತೆ ರಂಗಕ್ಕೆ ಬರಬೇಕೇ? ಒಂದು ಅಧ್ಯಯನ ಟಿಪ್ಪಣಿ

ಗಂಡ ಹೆಂಡತಿಗೆ ಹೊಡೆದಿದ್ದಾನೆ. ಸತ್ತು ಹದಿನೈದು ವರ್ಷಗಳಾದ ಮೇಲೆ ಒಂದೇ ದಿನದ ಮಟ್ಟಿಗೆ ಭೂಮಿಗೆ ಬಂದವನು ಮಗಳ ಕೈಗೂ ಹೊಡೆಯುತ್ತಾನೆ. ಮಗಳು ಬೆರಗಾಗಿ ತಾಯಿಯನ್ನು ಕೇಳುತ್ತಾಳೆ: ಯಾರಾದರೂ ಜೋರಾಗಿ ಹೊಡೆದರೂ ನೋವೇ ಆಗದಿರುವುದು ಸಾಧ್ಯವೇ? ತಾಯಿ ಸಾಧ್ಯ ಎನ್ನುತ್ತಾಳೆ.

ಅಮೆರಿಕದ ಸಂಗೀತನಾಟಕ ‘ಕ್ಯಾರೊಸೆಲ್’ ಕುರಿತ ಜಗಳವೆಲ್ಲ ಈ ಪ್ರಶ್ನೋತ್ತರದ ಸುತ್ತಲೇ ನಡೆಯುತ್ತದೆ. 1999ರಲ್ಲಿ ‘ಟೈಮ್’ ಪತ್ರಿಕೆ ಇದನ್ನು ಇಪ್ಪತ್ತನೆಯ ಶತಮಾನದ ಅತ್ಯುತ್ತಮ ಸಂಗೀತನಾಟಕವೆಂದು ಆರಿಸಿತು. ಇಂದು ಇದನ್ನು ಆಡಲು ಹೊರಡುವ ಯಾವ ನಿರ್ದೇಶಕನೂ ಮೊದಲು ಎದುರಿಸಬೇಕಾದ ಪ್ರಶ್ನೆ, ಆಡಲೇಬೇಕೆ ಎಂಬುದು. ಆಡಬೇಕು ಎಂಬುದು ನನ್ನ ನಿಲುವು. ಆದರೆ ಅದಕ್ಕೆ ಒಂದು ಷರತ್ತಿದೆ. ಆ ಷರತ್ತು ಅರ್ಥವಾಗಬೇಕಾದರೆ ನಾಟಕದ ಮಾತು ಎಲ್ಲಿಗೆ ಹೋಗುತ್ತದೆ, ಸಂಗೀತ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೇರೆಬೇರೆಯಾಗಿ ನೋಡಬೇಕು.

ಮೂಲ ಮತ್ತು ಹುಟ್ಟು

ಕಥೆ ಅಮೆರಿಕದ್ದಲ್ಲ. ಹಂಗೇರಿಯ ನಾಟಕಕಾರ ಫೆರೆಂಕ್ ಮೊಲ್ನಾರ್ ಬರೆದ ‘ಲಿಲಿಯೋಮ್’ 1909ರಲ್ಲಿ ಬುಡಾಪೆಸ್ಟಿನಲ್ಲಿ ರಂಗಕ್ಕೆ ಬಂದು ಸೋತಿತು. 1921ರಲ್ಲಿ ಥಿಯೇಟರ್ ಗಿಲ್ಡ್ ಸಂಸ್ಥೆ ಅದನ್ನು ನ್ಯೂಯಾರ್ಕಿನಲ್ಲಿ ಇಂಗ್ಲಿಷಿನಲ್ಲಿ ಆಡಿಸಿ ಗೆದ್ದಿತು. ಅದೇ ಸಂಸ್ಥೆ ರಿಚರ್ಡ್ ರಾಜರ್ಸ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್ ಜೋಡಿಯಿಂದ 1943ರಲ್ಲಿ ‘ಒಕ್ಲಹೋಮಾ’ ಎಂಬ ಸಂಗೀತನಾಟಕ ಮಾಡಿಸಿದ ಮೇಲೆ, ಎರಡನೆಯ ಕೃತಿಗಾಗಿ ‘ಲಿಲಿಯೋಮ್’ ಅನ್ನು ಅವರ ಮುಂದಿಟ್ಟಿತು. ರಾಜರ್ಸ್ ಸಂಗೀತ ಕೊಟ್ಟರು, ಹ್ಯಾಮರ್‌ಸ್ಟೈನ್ ಹಾಡು ಮತ್ತು ಸಂಭಾಷಣೆ ಬರೆದರು. ರೂಬೆನ್ ಮಾಮೂಲಿಯನ್ ನಿರ್ದೇಶನ, ಆಗ್ನೆಸ್ ಡಿ ಮಿಲ್ ನೃತ್ಯ ಸಂಯೋಜನೆ. ಬುಡಾಪೆಸ್ಟಿನ ಕಥೆ ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ ಕರಾವಳಿಗೆ, 1870ರ ದಶಕಕ್ಕೆ ಬಂತು. 1945ರ ಏಪ್ರಿಲ್ 19ರಂದು ನ್ಯೂಯಾರ್ಕಿನ ವೃತ್ತಿ ರಂಗಭೂಮಿಯ ಕೇಂದ್ರವಾದ ಬ್ರಾಡ್ವೇಯಲ್ಲಿ, ಮೆಜೆಸ್ಟಿಕ್ ರಂಗಮಂದಿರದಲ್ಲಿ ಉದ್ಘಾಟನಾ ಪ್ರದರ್ಶನ. ಅಲ್ಲಿಂದ 890 ಪ್ರಯೋಗಗಳು ನಡೆದವು.

ಕಥಾಸಾರ ಇಷ್ಟು. ಬಿಲ್ಲಿ ಬಿಗೆಲೊ, ಮರದ ಕುದುರೆಗಳ ಮೆರ್ರಿ ಗೋ ರೌಂಡಿನ ಮುಂದೆ ನಿಂತು ಜನರನ್ನು ಕೂಗಿ ಕರೆಯುವವನು. ಜೂಲಿ ಜೋರ್ಡನ್ ಗಿರಣಿಯ ಕೆಲಸದ ಹುಡುಗಿ. ಭೇಟಿಯಾದ ರಾತ್ರಿಯೇ ಇಬ್ಬರೂ ಕೆಲಸ ಕಳೆದುಕೊಳ್ಳುತ್ತಾರೆ. ಮದುವೆಯ ನಂತರ ಬಿಲ್ಲಿ ಕೆಲಸವಿಲ್ಲದೆ ಅಲೆಯುತ್ತಾನೆ, ಹೆಂಡತಿಗೆ ಹೊಡೆಯುತ್ತಾನೆ. ಈ ಹೊಡೆತ ರಂಗದ ಮೇಲೆ ಕಾಣುವುದಿಲ್ಲ, ಬರಿಯ ಮಾತಿನಲ್ಲಿ ಕೇಳಿಸುತ್ತದೆ. ಜೂಲಿ ಬಸುರಿ ಎಂದು ತಿಳಿದಾಗ ಮಗುವಿಗಾಗಿ ಹಣ ಬೇಕೆಂದು ದರೋಡೆಗೆ ಇಳಿದು, ಸಿಕ್ಕಿಬೀಳುವ ಹೊತ್ತಿಗೆ ಚಾಕುವಿನಿಂದ ಇರಿದುಕೊಂಡು ಸಾಯುತ್ತಾನೆ. ಮೇಲಿನ ಲೋಕದಲ್ಲಿ ನಕ್ಷತ್ರಗಳನ್ನು ಕಾಯುವ ಮುದುಕನೊಬ್ಬ ಅವನಿಗೆ ಒಂದು ದಿನದ ಅವಕಾಶ ಕೊಡುತ್ತಾನೆ. ಬಿಲ್ಲಿ ಕದ್ದ ನಕ್ಷತ್ರವೊಂದನ್ನು ಮಗಳಿಗೆ ಕೊಡಲು ಹೋಗುತ್ತಾನೆ. ಅವಳು ಒಲ್ಲೆ ಎಂದಾಗ ಕೈ ಎತ್ತುತ್ತಾನೆ.

ಸಂಗೀತ ಏನು ಮಾಡುತ್ತದೆ

ಇಲ್ಲಿ ನಿಧಾನವಾಗಿ ಓದಿ, ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ಆ ಕಾಲದ ಸಂಗೀತನಾಟಕಗಳಲ್ಲಿ ಪರದೆ ಏಳುವ ಮುನ್ನ ಮುಂದೆ ಬರಲಿರುವ ಹಾಡುಗಳ ತುಣುಕುಗಳನ್ನು ಪೋಣಿಸಿ ವಾದ್ಯವೃಂದ ನುಡಿಸುವ ರೂಢಿಯಿತ್ತು. ರಾಜರ್ಸ್ ಅದನ್ನು ಬಿಟ್ಟರು. ಬದಲಿಗೆ ಒಂದು ದೀರ್ಘ ವಾಲ್ಟ್ಸ್, ಅಂದರೆ ಮೂರೆಣಿಕೆಯ ತಾಳದ ನೃತ್ಯಸಂಗೀತ, ಬರುತ್ತದೆ, ಅದರ ಮೇಲೆ ಮಾತೇ ಇಲ್ಲದ ಮೂಕಾಭಿನಯ ನಡೆಯುತ್ತದೆ. ಜಾತ್ರೆ, ಗುಂಪು, ಬಿಲ್ಲಿಯ ನೋಟ, ಜೂಲಿಯ ನೋಟ. ಒಂದು ಪದ ಆಡುವ ಮೊದಲೇ ಇವರಿಬ್ಬರ ನಡುವಿನ ಸೆಳೆತ ನಮಗೆ ಗೊತ್ತಾಗಿಬಿಟ್ಟಿರುತ್ತದೆ.

ಅನಂತರ ಬೆಂಚಿನ ದೃಶ್ಯ. ಮಾತು ಹಾಡಾಗಿ, ಹಾಡು ಮತ್ತೆ ಮಾತಾಗಿ ಸಾಗುವ ಈ ದೃಶ್ಯವನ್ನು ಸಂಗೀತನಾಟಕ ಕಟ್ಟುವವರೆಲ್ಲ ಪಾಠದಂತೆ ಓದುತ್ತಾರೆ. ‘ನಾನು ನಿನ್ನನ್ನು ಪ್ರೀತಿಸಿದ್ದೇ ಆದರೆ’ ಎಂಬ ನಿಬಂಧನೆಯಲ್ಲಿಯೇ ಇಬ್ಬರೂ ಪ್ರೇಮ ನಿವೇದಿಸುತ್ತಾರೆ. ಪ್ರೀತಿಸುತ್ತೇನೆ ಎಂದು ಇಬ್ಬರ ಬಾಯಲ್ಲೂ ಬರುವುದಿಲ್ಲ. ಆ ಮಾತನ್ನು ಬದುಕಿದ್ದಾಗ ಬಿಲ್ಲಿ ಹೇಳುವುದೇ ಇಲ್ಲ, ಜೂಲಿ ಹೇಳುವುದು ಅವನ ಹೆಣದ ಮುಂದೆ. ಪ್ರೀತಿಯನ್ನು ಬಾಯಿಬಿಟ್ಟು ಹೇಳಲಾರದ, ಸಿಟ್ಟನ್ನು ಮಾತ್ರ ಹೊರಹಾಕಬಲ್ಲ ಗಂಡಸಿನ ಚಿತ್ರ ಹಾಡಿನ ವ್ಯಾಕರಣದಲ್ಲಿಯೇ ಸಿದ್ಧವಾಗಿದೆ. ಇಷ್ಟು ಸೂಕ್ಷ್ಮ ಕೆಲಸ ಮಾಡಿದ ಹಾಡು ಬೇರೆ ಹೆಚ್ಚು ಇಲ್ಲ.

ಮೊದಲ ಅಂಕದ ಕೊನೆಯ ಹೊತ್ತಿಗೆ ಬಿಲ್ಲಿಯ ದೀರ್ಘ ಸ್ವಗತ. ಏಳೆಂಟು ನಿಮಿಷ ಒಬ್ಬನೇ ಹಾಡುತ್ತಾನೆ. ಹುಟ್ಟಲಿರುವ ಮಗ ಹೀಗಿರುತ್ತಾನೆ, ಹಾಗಿರುತ್ತಾನೆ ಎಂದು ಕೊಚ್ಚಿಕೊಳ್ಳುತ್ತಿದ್ದವನಿಗೆ, ಹುಟ್ಟುವುದು ಹೆಣ್ಣಾದರೆ ಎಂಬ ಯೋಚನೆ ಥಟ್ಟನೆ ಹೊಳೆಯುತ್ತದೆ. ಸಂಗೀತ ಅಲ್ಲಿಯೇ ತಿರುಗುತ್ತದೆ. ಜಂಬ ಕರಗಿ ಭಯ ಬರುತ್ತದೆ, ಭಯ ದರೋಡೆಯ ನಿರ್ಧಾರವಾಗುತ್ತದೆ. ಒಂದು ಮನಸ್ಸು ನಮ್ಮ ಕಣ್ಣೆದುರೇ ಬದಲಾಗುವುದನ್ನು ಹಾಡಿನಲ್ಲಿ ಹೀಗೆ ಹಿಡಿಯಬಹುದೆಂದು ಮುಂದಿನ ತಲೆಮಾರು ಕಲಿತದ್ದು ಇಂಥ ಸ್ವಗತಗಳಿಂದ.

ಜೂಲಿಗೆ ಇಂಥ ಸ್ವಗತವಿಲ್ಲ. ಅವಳಿಗಿರುವುದು ಎರಡನೆಯ ಅಂಕದ ಒಂದು ಪುಟ್ಟ ಹಾಡು. ಗಂಡ ಒಳ್ಳೆಯವನೋ ಕೆಟ್ಟವನೋ ಎಂದು ಯೋಚಿಸಿ ಏನು ಪ್ರಯೋಜನ, ಅವನು ನಿನ್ನವನು, ನೀನು ಅವನನ್ನು ಪ್ರೀತಿಸುತ್ತೀಯೆ, ಅಲ್ಲಿಗೆ ಮುಗಿಯಿತು ಎಂಬುದು ಅದರ ಭಾವ. ರಾಗ ಅತ್ಯಂತ ಇಂಪಾಗಿದೆ, ಹಳತಾಗಿರುವುದು ನಿಜವಾಗಿ ಇದೇ. ಬಿಲ್ಲಿಯ ಒಳಮನಸ್ಸಿಗೆ ಸಂಗೀತ ಬಾಗಿಲು ತೆರೆದಿಟ್ಟು, ಜೂಲಿಯ ಒಳಮನಸ್ಸಿಗೆ ಒಂದು ಜೋಗುಳ ಕೊಟ್ಟು ಸುಮ್ಮನಾಗುತ್ತದೆ. ಹೊಡೆಸಿಕೊಂಡವಳ ನೋವಿಗಿಂತ ಹೊಡೆದವನ ಸಂಕಟ ನಮಗೆ ಹೆಚ್ಚು ಕೇಳಿಸುತ್ತದೆ.

ಎರಡು ಅಂತ್ಯಗಳು

ಮೊಲ್ನಾರ್ ನಾಟಕದಲ್ಲಿಯೂ ಆ ಕುಖ್ಯಾತ ಪ್ರಶ್ನೋತ್ತರ ಇದೆ. ಹ್ಯಾಮರ್‌ಸ್ಟೈನ್ ಅದನ್ನು ಹೊಸದಾಗಿ ಹುಟ್ಟಿಸಲಿಲ್ಲ. ಆದರೆ ಅಲ್ಲಿ ಬಿಲ್ಲಿಯ ಜಾಗದಲ್ಲಿರುವ ನಾಯಕ ಲಿಲಿಯೋಮ್ ಹದಿನಾರು ವರ್ಷ ಬೆಂಕಿಯಲ್ಲಿ ಶುದ್ಧಿಯಾಗಿ ಬಂದರೂ ಮಗಳಿಗೆ ಹೊಡೆದು ಸೋಲುತ್ತಾನೆ, ದೇವದೂತರು ಅವನನ್ನು ಕರೆದೊಯ್ಯುತ್ತಾರೆ. ತಾಯಿ ಮಗಳ ಮಾತಿನೊಂದಿಗೆ ನಾಟಕ ಮುಗಿಯುತ್ತದೆ. ಅಲ್ಲಿ ಆ ಉತ್ತರ ಕೇಳಿದಾಗ ನಮಗೆ ಚಳಿ ಹತ್ತುತ್ತದೆ. ಈ ಹೆಂಗಸು ಇಷ್ಟು ವರ್ಷವಾದರೂ ಅಲ್ಲಿಂದ ಬಿಡಿಸಿಕೊಂಡಿಲ್ಲ, ಮಗಳಿಗೂ ಅದನ್ನೇ ದಾಟಿಸುತ್ತಿದ್ದಾಳೆ ಎನಿಸುತ್ತದೆ.

‘ಕ್ಯಾರೊಸೆಲ್’ ಅಲ್ಲಿಗೆ ನಿಲ್ಲುವುದಿಲ್ಲ. ಮಗಳ ಶಾಲೆಯ ಪದವಿ ಸಮಾರಂಭ ಬರುತ್ತದೆ. ಕಣ್ಣಿಗೆ ಕಾಣದ ಬಿಲ್ಲಿ ಮಗಳ ಕಿವಿಯಲ್ಲಿ ಧೈರ್ಯ ಹೇಳುತ್ತಾನೆ, ಜೂಲಿಗೆ ಪ್ರೀತಿಸಿದ್ದೆ ಎನ್ನುತ್ತಾನೆ, ಎಲ್ಲರೂ ಸೇರಿ ‘ಯು ವಿಲ್ ನೆವರ್ ವಾಕ್ ಅಲೋನ್’ ಎಂಬ ಪ್ರಸಿದ್ಧ ಸಾಂತ್ವನ ಗೀತೆಯನ್ನು ಹಾಡುತ್ತಾರೆ. ತನ್ನ ನಾಟಕದ ಅಂತ್ಯವನ್ನೇ ಬದಲಿಸಿದ್ದನ್ನು ಮೊಲ್ನಾರ್ ಆಕ್ಷೇಪಿಸಲಿಲ್ಲ, ತಾಲೀಮು ನೋಡಿ ಮೆಚ್ಚಿಕೊಂಡರು. ಆದರೆ ಈ ಬದಲಾವಣೆಯಿಂದ ಒಂದು ವಿಚಿತ್ರ ಘಟಿಸಿತು. ಹೊಡೆತ ನೋಯುವುದಿಲ್ಲ ಎಂಬ ಮಾತಿನ ಬೆನ್ನಿಗೇ ಇಡೀ ವಾದ್ಯವೃಂದ ಕ್ಷಮೆಯ ಕಡೆಗೆ ಹರಿಯುತ್ತದೆ. ಮಾತಿನ ಮಟ್ಟದಲ್ಲಿ ಬಿಲ್ಲಿ ಮಾಡಿದ ಒಳ್ಳೆಯ ಕೆಲಸ ತೀರಾ ಚಿಕ್ಕದು. ಸಂಗೀತ ಅವನಿಗೆ ಕೊಡುವ ಕ್ಷಮೆ ಅದಕ್ಕಿಂತ ಬಹಳ ದೊಡ್ಡದು. ನಮಗೆ ಇಂದು ಕಸಿವಿಸಿಯಾಗುವುದು ಈ ಅಂತರದಿಂದ.

1945ರ ಪ್ರೇಕ್ಷಕರಿಗೆ ಏಕೆ ಆಗಲಿಲ್ಲ? ತಾರೀಖು ನೋಡಿ. ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡು ಒಂದು ವಾರವಾಗಿತ್ತು. ಯುರೋಪಿನಲ್ಲಿ ಯುದ್ಧ ಇನ್ನೂ ಮುಗಿದಿರಲಿಲ್ಲ. ಪ್ರೇಕ್ಷಾಗೃಹದಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡವರು, ಕಳೆದುಕೊಳ್ಳುವ ಭಯದಲ್ಲಿದ್ದವರು ಕುಳಿತಿದ್ದರು. ಸತ್ತವನು ಒಂದು ದಿನಕ್ಕೆ ಮರಳಿ ಬಂದು, ಹೇಳದೆ ಉಳಿದ ಮಾತನ್ನು ಹೇಳಿ ಹೋಗುವ ಕಥೆ ಅವರಿಗೆ ಬೇರೆಯೇ ಆಗಿ ಕೇಳಿಸಿರಬೇಕು. ಆ ಅಗತ್ಯ ಸುಳ್ಳಲ್ಲ, ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಅದೇ ಸಾಂತ್ವನ ಗೀತೆ ಆಮೇಲೆ ನಾಟಕವನ್ನೇ ಬಿಟ್ಟು ಹೊರಟಿತು. 1963ರಲ್ಲಿ ಗೆರಿ ಅಂಡ್ ದಿ ಪೇಸ್‌ಮೇಕರ್ಸ್ ಎಂಬ ಪಾಪ್ ತಂಡ ಹಾಡಿದ ಮೇಲೆ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳ ಗೀತೆಯಾಯಿತು. ನಮ್ಮಲ್ಲಿ ಟಿವಿಯಲ್ಲಿ ಪಂದ್ಯ ನೋಡುತ್ತ ಅದನ್ನು ಗುನುಗುವವರಲ್ಲಿ ಎಷ್ಟೋ ಮಂದಿಗೆ ಅದು ಒಬ್ಬ ವಿಧವೆಯನ್ನು ಸಮಾಧಾನಪಡಿಸಲು ಬರೆದ ರಂಗಗೀತೆ ಎಂದು ತಿಳಿದಿರಲಾರದು. ನಮ್ಮ ಕಂಪನಿ ನಾಟಕಗಳ ಹಾಡುಗಳೂ ಕಥೆಯನ್ನು ಹಿಂದೆ ಬಿಟ್ಟು ತಾವೇ ಉಳಿದಿವೆಯಲ್ಲ.

ಮರುಪ್ರಯೋಗಗಳು ಕಂಡುಕೊಂಡ ದಾರಿಗಳು

1992ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿಗೆ ನಿಕೋಲಸ್ ಹೈಟ್ನರ್ ಮಾಡಿದ ಪ್ರಯೋಗ ನನಗೆ ಎಲ್ಲಕ್ಕಿಂತ ಮುಖ್ಯ. ವಾಲ್ಟ್ಸ್ ಶುರುವಾದಾಗ ಅಲ್ಲಿ ಜಾತ್ರೆ ಇರಲಿಲ್ಲ. ದೊಡ್ಡ ಗಡಿಯಾರದ ಕೆಳಗೆ ಗಿರಣಿಯ ಹುಡುಗಿಯರು ದುಡಿಯುತ್ತ, ಆರು ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದರು. ಜಾತ್ರೆ ಬಂದದ್ದು ಆಮೇಲೆ. ಒಂದು ಪದವನ್ನೂ ಬದಲಿಸದೆ ಜೂಲಿಯ ಆಯ್ಕೆಗೆ ಹಿನ್ನೆಲೆ ಸಿಕ್ಕಿತು: ಬೆಳಗಿನಿಂದ ಸಂಜೆಯವರೆಗೆ ಯಂತ್ರದ ಮುಂದೆ ನಿಲ್ಲುವ ಹುಡುಗಿಗೆ ಆ ತಿರುಗುವ ಕುದುರೆಗಳು ಏನಾಗಿ ಕಂಡಿದ್ದಾವು! 1994ರಲ್ಲಿ ಈ ಪ್ರಯೋಗ ನ್ಯೂಯಾರ್ಕಿನ ಲಿಂಕನ್ ಸೆಂಟರಿಗೆ ಹೋಗಿ ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಗಳಲ್ಲಿ ಐದನ್ನು ಪಡೆಯಿತು. ಜೂಲಿಯ ಗೆಳತಿ ಕ್ಯಾರಿಯ ಪಾತ್ರ ಮಾಡಿದ ಆಡ್ರಾ ಮ್ಯಾಕ್‌ಡೊನಾಲ್ಡ್ ಅವರಿಗೆ ಅದು ಮೊದಲ ಟೋನಿ.

2018ರ ಬ್ರಾಡ್ವೇ ಪ್ರಯೋಗ ಬಂದದ್ದು ಮೀಟೂ ಚಳವಳಿಯ ಕಾವಿನಲ್ಲಿ. ನಿರ್ದೇಶಕ ಜಾಕ್ ಓಬ್ರಯನ್ ತಾಯಿ ಮಗಳ ಆ ಪ್ರಶ್ನೋತ್ತರವನ್ನೇ ತೆಗೆದುಹಾಕಿದರು. ಹಾಡುಗಾರಿಕೆ ಅದ್ಭುತ, ಜಸ್ಟಿನ್ ಪೆಕ್ ಅವರ ನೃತ್ಯಕ್ಕೆ ಟೋನಿ ಬಂತು. ಆದರೆ ಈ ಕತ್ತರಿ ನನಗೆ ಒಪ್ಪಿಗೆಯಾಗುವುದಿಲ್ಲ. ಮಾತನ್ನು ತೆಗೆದರೆ ಅದರ ನಂತರದ ಕ್ಷಮೆ ಇನ್ನಷ್ಟು ಸಲೀಸಾಗುತ್ತದೆ, ಗಾಯವಿದ್ದ ಜಾಗವೇ ಕಾಣದಂತಾಗುತ್ತದೆ. 2021ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಬಯಲು ರಂಗಮಂದಿರದಲ್ಲಿ ತಿಮೊಥಿ ಶೀಡರ್ ಇನ್ನೊಂದು ದಿಕ್ಕು ಹಿಡಿದರು. ಕಥೆಯನ್ನು ಬ್ರಿಟನ್ನಿನ ಕರಾವಳಿಗೆ ತಂದು, ತಂತಿವಾದ್ಯಗಳ ಮಾಧುರ್ಯದ ಬದಲು ಬ್ರಾಸ್ ಬ್ಯಾಂಡಿನ ಒರಟು ಧ್ವನಿ ತಂದರು, ಬಿಲ್ಲಿಗೆ ಸುಲಭವಾದ ಕ್ಷಮೆ ದೊರೆಯದಂತೆ ಅಂತ್ಯವನ್ನು ತಿದ್ದಿದರು. ತೊಂದರೆ ಸಂಗೀತದಲ್ಲಿದೆ ಎಂದು ಗುರುತಿಸಿ ಅಲ್ಲಿಯೇ ಕೈಹಾಕಿದ ದಿಟ್ಟತನ ಇದು.

ಇಂಥ ಬದಲಾವಣೆ ಯಾರು ಬೇಕಾದರೂ ಮಾಡುವಂತಿಲ್ಲ ಎಂಬುದನ್ನು ಪರೀಕ್ಷೆಗೆ ಓದುವವರು ಮರೆಯಬಾರದು. ಕೃತಿಯ ಹಕ್ಕುಸ್ವಾಮ್ಯ ಇನ್ನೂ ಜೀವಂತವಾಗಿದೆ. ಪರವಾನಗಿ ಪಡೆದು ಆಡುವ ತಂಡ ಪಠ್ಯವನ್ನಾಗಲಿ ಹಾಡನ್ನಾಗಲಿ ಹಕ್ಕುದಾರರ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ. ದೊಡ್ಡ ರಂಗಮಂದಿರಗಳಿಗೆ ಸಿಗುವ ಸ್ವಾತಂತ್ರ್ಯ ಶಾಲಾ ತಂಡಕ್ಕೆ ಸಿಗುವುದಿಲ್ಲ. ಹಾಗಾಗಿ ಪಠ್ಯ ಬದಲಿಸದೆ ನಟನೆ, ಬೆಳಕು, ನಟರು ನಿಲ್ಲುವ ರೀತಿಗಳಿಂದಲೇ ಅರ್ಥ ಬದಲಿಸುವ ಹೈಟ್ನರ್ ಮಾದರಿಯೇ ಹೆಚ್ಚಿನವರಿಗೆ ಎಟುಕುವಂಥದ್ದು.

ಹಾಡುಗಳಿಗಾಗಿಯೇ ಆದರೆ ಕಛೇರಿ ರೂಪದ ಪ್ರಯೋಗ ಸಾಕಲ್ಲ ಎಂಬ ವಾದವೂ ಇದೆ. 2013ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ವಾದ್ಯವೃಂದ ಹಾಗೆ ಮಾಡಿತು, ಬಹಳ ಚೆನ್ನಾಗಿಯೂ ಬಂತು. ನನಗೆ ಅಷ್ಟು ಸಾಲದು. ನಕ್ಷತ್ರ ಕಾಯುವವನು ಏಕೆ ಹೊಡೆದೆ ಎಂದು ಕೇಳಿದಾಗ ಬಿಲ್ಲಿ ಕೊಡುವ ಉತ್ತರ ಹೀಗಿದೆ: ವಾದ ಬೆಳೆಯುತ್ತಿತ್ತು, ಅವಳು ಹೇಳಿದ್ದೇ ಸರಿಯಾಗಿರುತ್ತಿತ್ತು, ಅದಕ್ಕೇ ಹೊಡೆದೆ. ಮನೆಯೊಳಗಿನ ಹಿಂಸೆಯ ಬೇರು ಎಲ್ಲಿದೆ ಎಂಬುದನ್ನು ಇಷ್ಟು ಬೆತ್ತಲಾಗಿ ಒಪ್ಪಿಕೊಳ್ಳುವ ಸಾಲು 1945ರ ಜನಪ್ರಿಯ ರಂಗಭೂಮಿಯಲ್ಲಿ ಇದೆ ಎಂಬುದೇ ದೊಡ್ಡದು. ಹಾಡುಗಳನ್ನು ಮಾತ್ರ ಆರಿಸಿಕೊಂಡರೆ ಈ ಸಾಲು ಕಳೆದುಹೋಗುತ್ತದೆ, ಬಿಲ್ಲಿ ಬರಿಯ ಸುಂದರ ಕಂಠವಾಗಿ ಉಳಿಯುತ್ತಾನೆ.

ನನ್ನ ಷರತ್ತು ಇಷ್ಟೇ. ಆ ಪ್ರಶ್ನೋತ್ತರ ಉಳಿಯಲಿ, ಆದರೆ ಅದರ ಹೊಣೆ ಮಗಳು ಲೂಯಿಸ್ ಪಾತ್ರ ಮಾಡುವವಳ ಮೇಲೆ ಬೀಳಲಿ. ಎರಡನೆಯ ಅಂಕದ ಬ್ಯಾಲೆಯಲ್ಲಿ ಊರ ಮಕ್ಕಳು ಅವಳನ್ನು ಹೇಗೆ ಹೊರಗಿಡುತ್ತಾರೆಂದು ನೋಡಿರುತ್ತೇವೆ, ತಂದೆಯ ಹೆಸರನ್ನು ಹೊತ್ತು ಬೆಳೆದವಳು ಅವಳು. ತಾಯಿಯ ಉತ್ತರವನ್ನು ಅವಳು ನಂಬಿದಂತೆ ಕಾಣಬಾರದು. ಸಮಾರಂಭದ ಗೀತೆಯಲ್ಲಿ ಅವಳು ದನಿಗೂಡಿಸುವುದಾದರೆ ಪಕ್ಕದ ಹುಡುಗಿಯತ್ತ ತಿರುಗಿ ಹಾಡಲಿ, ತಂದೆ ನಿಂತ ಕಡೆಗೆ ಅಲ್ಲ. ಇದಕ್ಕೆ ಯಾರ ಅನುಮತಿಯೂ ಬೇಡ, ಒಂದು ಅಕ್ಷರವೂ ಬದಲಾಗುವುದಿಲ್ಲ. ಅಧ್ಯಯನಕ್ಕೆ ಕೂರುವವರು ‘ಲಿಲಿಯೋಮ್’ ನಾಟಕದ ಕೊನೆಯ ದೃಶ್ಯವನ್ನು ಮೊದಲು ಓದಿ, ಆಮೇಲೆ ‘ಕ್ಯಾರೊಸೆಲ್’ ಕೊನೆಯ ದೃಶ್ಯವನ್ನು ಸಂಗೀತವಿಲ್ಲದೆ ಗಟ್ಟಿಯಾಗಿ ಓದಿಕೊಳ್ಳಿ. ಧ್ವನಿಮುದ್ರಣ ಕೇಳುವುದು ಅದಾದ ಮೇಲಿರಲಿ.