ಓದುಗರ ಪ್ರಶ್ನೆ: ಸ್ವಿಚ್ ಆಫ್ ಮಾಡಿ ದೀಪ ಒರೆಸಿದರೆ ಸಾಲದೇ?

ಮಳೆಗಾಲ ಹಿಡಿಯಿತೆಂದರೆ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಓದುಗರು ಕೇಳುವ ಪ್ರಶ್ನೆ ಒಂದೇ: “ದೀಪದ ಗಾಜಿನ ಶೇಡ್ ಒಳಗೆ ಮಳೆಹುಳು ಬಿದ್ದು ಬೆಳಕು ಮಂಕಾಗಿದೆ. ಸ್ವಿಚ್ ಆಫ್ ಮಾಡಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಲದೇ?”

ಸಾಲದು. ಇದನ್ನು ಎಷ್ಟು ಸಲ ಬರೆದರೂ ‘ಸ್ವಿಚ್ ಆಫ್ ಇದ್ದರೆ ಕರೆಂಟ್ ಇಲ್ಲ’ ಎಂಬ ನಂಬಿಕೆ ಜನರ ಮನಸ್ಸಿನಿಂದ ಹೋಗುತ್ತಿಲ್ಲವಾದ್ದರಿಂದ, ಈ ಬಾರಿ ಅದನ್ನು ಬೇರುಸಹಿತ ಕೀಳುತ್ತೇನೆ. ದೀಪಕ್ಕೆ ಎರಡು ತಂತಿಗಳು ಹೋಗುತ್ತವೆ: ಕರೆಂಟ್ ತರುವ ಫೇಸ್ ಮತ್ತು ಅದು ಹಿಂತಿರುಗುವ ನ್ಯೂಟ್ರಲ್. ಗೋಡೆಯ ಸ್ವಿಚ್ ಅವುಗಳಲ್ಲಿ ಒಂದನ್ನು ಮಾತ್ರ ಕಡಿದುಹಾಕುತ್ತದೆ. ಅದು ಫೇಸ್ ತಂತಿಯೇ ಆಗಿರಬೇಕು. ಆದರೆ ನಮ್ಮ ಹಳೆಯ ಹೆಂಚಿನ ಮನೆಗಳಲ್ಲಿ ಒಬ್ಬರು ಎಳೆದ ವೈರಿಂಗನ್ನು ಮತ್ತೊಬ್ಬರು ರಿಪೇರಿ ಮಾಡಿ, ತಂತಿಗಳು ಅದಲುಬದಲಾಗಿ, ಸ್ವಿಚ್ ನ್ಯೂಟ್ರಲ್ ಮೇಲೆ ಸೇರಿಕೊಂಡಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥ ಮನೆಯಲ್ಲಿ ದೀಪವೇನೋ ಆರುತ್ತದೆ, ಆದರೆ 230 ವೋಲ್ಟ್ ಹೋಲ್ಡರಿನ ಪಿನ್‌ವರೆಗೂ ಬಂದು ನಿಂತಿರುತ್ತದೆ. ಕೊಪ್ಪದ ಹತ್ತಿರದ ಒಂದು ಮನೆಯಲ್ಲಿ ಸ್ವಿಚ್ ಆಫ್ ಮಾಡಿ, ಬಲ್ಬ್ ಬಿಚ್ಚಿ, ಹೋಲ್ಡರಿನ ಎರಡು ಪಿನ್‌ಗಳಿಗೂ ಒಂದೊಂದಾಗಿ ಟೆಸ್ಟರ್ ಮುಟ್ಟಿಸಿದೆ. ಎರಡನೆಯ ಪಿನ್ ಮುಟ್ಟುತ್ತಲೇ ಟೆಸ್ಟರಿನ ಹೊಟ್ಟೆಯಲ್ಲಿ ಕಿತ್ತಳೆ ಬಣ್ಣದ ದೀಪ ಹೊತ್ತಿಕೊಂಡಿತು. ಆ ಮನೆಯ ಅಮ್ಮನವರು ವರ್ಷಗಳಿಂದ ಅದೇ ದೀಪವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು.

‘ಹಾಗಾದರೆ ಮೇನ್ ಸ್ವಿಚ್ಚನ್ನೇ ಆಫ್ ಮಾಡುತ್ತೇವೆ’ ಎನ್ನುವಿರಿ. ಒಳ್ಳೆಯದು, ಆದರೆ ಮಲೆನಾಡಿನಲ್ಲಿ ಇನ್ವರ್ಟರ್ ಇಲ್ಲದ ಮನೆ ಅಪರೂಪ. ಮೇನ್ ಆಫ್ ಆದೊಡನೆ ಕರೆಂಟ್ ಹೋಯಿತೆಂದೇ ಬಗೆದು ಅದು ಅದೇ ದೀಪಗಳಿಗೆ ಬ್ಯಾಟರಿಯಿಂದ ವಿದ್ಯುತ್ ಕೊಡತೊಡಗುತ್ತದೆ. ಆದ್ದರಿಂದ ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಟೆಸ್ಟರ್ ಸರಿಯಾಗಿದೆಯೇ ನೋಡಿಕೊಳ್ಳಿ, ನಂತರ ಮೇನ್ ಮತ್ತು ಇನ್ವರ್ಟರ್ ಎರಡನ್ನೂ ಆಫ್ ಮಾಡಿ, ಹೋಲ್ಡರಿನ ಎರಡೂ ಪಿನ್ ಪರೀಕ್ಷಿಸಿ. ಇನ್ನೊಂದು ಸುಳಿವೂ ಉಂಟು: ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬ್ ರಾತ್ರಿ ಮಿಣಮಿಣ ಎನ್ನುತ್ತಿದ್ದರೆ, ಅದು ಇಂಡಿಕೇಟರ್ (ಪುಟ್ಟ ಸೂಚಕ ದೀಪ) ಇರುವ ಸ್ವಿಚ್ಚಿನಿಂದಲೂ ಆಗಬಹುದು, ನ್ಯೂಟ್ರಲ್ ಮೇಲೆ ಕುಳಿತ ಸ್ವಿಚ್ಚಿನಿಂದಲೂ ಆಗಬಹುದು, ವೈರ್‌ಮನ್‌ಗೆ ತೋರಿಸಿ.

ಇನ್ನು ಶುಚಿ ಮಾಡುವ ಕೆಲಸ ಸುಲಭ. ಬಲ್ಬ್ ತಣ್ಣಗಾದ ಮೇಲೆ, ಮರದ ಸ್ಟೂಲಿನ ಮೇಲೆ ನಿಂತು ಶೇಡ್ ಬಿಚ್ಚಿ. ಪ್ಲಾಸ್ಟಿಕ್ ಬೋಗುಣಿಯ ತಳಕ್ಕೆ ಹಳೆಯ ಟವೆಲ್ ಹಾಸಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಗಾಜನ್ನು ತೊಳೆದು, ಪೂರ್ತಿ ಒಣಗಿದ ಬಳಿಕವೇ ಮತ್ತೆ ಕೂರಿಸಿ. ನಮ್ಮ ಮಳೆಯಲ್ಲಿ ಒಣಗಲು ಒಂದು ದಿನವೇ ಬೇಕಾದರೂ ಕಾಯಬೇಕು. ಬಲ್ಬನ್ನು ಒಣ ಬಟ್ಟೆಯಲ್ಲಷ್ಟೇ ಒರೆಸಬೇಕು. ಎಲ್‌ಇಡಿ ಬಿಸಿಯಾಗುವುದಿಲ್ಲ ಎನ್ನುವುದೂ ತಪ್ಪು. ಅದರ ಬುಡ ಬಿಸಿಯಾಗುತ್ತದೆ, ಅಲ್ಲಿ ಧೂಳು ಮೆತ್ತಿಕೊಂಡರೆ ಶಾಖ ಹೊರಹೋಗದೆ ಬಲ್ಬ್ ಬೇಗ ಕೆಡುತ್ತದೆ. ಹೋಲ್ಡರಿನ ಪಿನ್‌ಗೆ ಹಸಿರು ಕಿಲುಬು ಹಿಡಿದಿದ್ದರೆ ಉಜ್ಜುತ್ತಾ ಕೂರಬೇಡಿ, ಹೋಲ್ಡರನ್ನೇ ಬದಲಾಯಿಸಿಕೊಳ್ಳಿ.

ಯಾರೂ ಕೇಳದಿದ್ದರೂ ಒಂದು ಮಾತು ಹೇಳಬೇಕು. ಇಷ್ಟೊಂದು ಹುಳು ಬರುವುದಾದರೂ ಏಕೆ? ಹೆಚ್ಚಿನ ಹುಳುಗಳ ಕಣ್ಣಿಗೆ ನೀಲಿ ಮತ್ತು ಅತಿನೇರಳೆ ಬೆಳಕು ಚೆನ್ನಾಗಿ ಕಾಣುತ್ತದೆ, ಮತ್ತು 6500 ಕೆಲ್ವಿನ್ (ಬೆಳಕಿನ ಬಣ್ಣ ಸೂಚಿಸುವ ಅಳತೆ) ಎಂದು ಬರೆದಿರುವ ಅಚ್ಚ ಬಿಳಿ ಬಲ್ಬಿನ ಬೆಳಕಿನಲ್ಲಿ ನೀಲಿ ಅಂಶ ಹೆಚ್ಚು. 2700 ಕೆಲ್ವಿನ್ನಿನ ಹಳದಿ ಬಲ್ಬಿನಲ್ಲಿ ಅದು ಕಡಿಮೆ. ನಮ್ಮ ಮನೆಯ ಜಗಲಿಗೆ ಹಳದಿ ಬಲ್ಬ್ ಹಾಕಿದ ಮೇಲೆ ಹುಳು ಪೂರ್ತಿ ನಿಂತಿಲ್ಲ, ಆದರೆ ವಾರಕ್ಕೊಮ್ಮೆ ಬಿಚ್ಚುತ್ತಿದ್ದ ಶೇಡನ್ನು ಈಗ ತಿಂಗಳಿಗೊಮ್ಮೆ ಬಿಚ್ಚುತ್ತಿದ್ದೇನೆ.