ಹಳೇ ಸ್ಪೋರ್ಟ್ಸ್ ಕಾರಿನ ಹಿಂದಿನ ಶಾಫ್ಟಿಗೆ ಯಾವ ಬೇರಿಂಗ್ ಹಾಕಬೇಕು?

ಪ್ರಶ್ನೆ: ಬೆಳಗಾವಿಯ ನಮ್ಮ ಮನೆಯ ಶೆಡ್ಡಿನಲ್ಲಿ ಕಾಕಾ ಅವರ ಹಳೇ ಟ್ರಯಂಫ್ ಸ್ಪಿಟ್‌ಫೈರ್ ಇದೆ. ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದೇನೆ. ಹಿಂದಿನ ಡ್ರೈವ್‌ಶಾಫ್ಟಿನ ಬೇರಿಂಗ್‌ಗಳು ಹೋಗಿವೆ. ಅಂಗಡಿಯವರು “ಅಳತಿ ತಗೊಂಡ ಬರ್ರಿ, ಕೂಡೂದ ಕೊಡತೀವಿ” ಅಂತಾರೆ. ಇಲ್ಲಿ ಸಿಗೋದು ನಡೆಯುತ್ತಾ, ಹೊರದೇಶದಿಂದಲೇ ತರಿಸಬೇಕಾ?

ಉತ್ತರ: ನಂಬರ್ ಸರಿಯಿದ್ದರೆ ಇಲ್ಲಿ ಸಿಗೋದೇ ನಡೆಯುತ್ತದೆ. ಆದರೆ ಈಗಲೇ ಏನನ್ನೂ ಕೊಳ್ಳಬೇಡಿ. ಮೊದಲು ಶಾಫ್ಟ್ ಒರೆಸಿ ಬೆಳಕಿಗೆ ಹಿಡಿದು ನೋಡಿ.

ಈ ಕಾರಿನಲ್ಲಿ ಹಿಂದಿನ ಒಂದೊಂದು ಗಾಲಿಗೂ ಎರಡು ಬೇರಿಂಗ್. ಹಬ್ (ಗಾಲಿ ಕೂರುವ ಭಾಗ) ಪಕ್ಕದಲ್ಲಿ ಗುಂಡುಗಳಿರುವ ಬಾಲ್ ಬೇರಿಂಗ್, ಒಳಗೆ ಡಿಫರೆನ್ಶಿಯಲ್ (ಎರಡೂ ಗಾಲಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕಡೆಗೆ ಸಣ್ಣ ರೋಲರ್‌ಗಳ ನೀಡಲ್ ಬೇರಿಂಗ್. ಬಾಲ್ ಬೇರಿಂಗ್‌ಗೆ ತನ್ನದೇ ಒಳರಿಂಗ್ ಇದೆ. ನೀಡಲ್ ಬೇರಿಂಗ್‌ಗೆ ಇಲ್ಲ. ಅದರ ಸಣ್ಣ ರೋಲರ್‌ಗಳು ನೇರವಾಗಿ ಶಾಫ್ಟಿನ ಮೈ ಮೇಲೇ ಉರುಳುತ್ತವೆ. ಅಂದ್ರೆ ಆ ಬೇರಿಂಗ್‌ನ ಅರ್ಧ ಭಾಗ ಶಾಫ್ಟೇ. ಅದು ಕೆಟ್ಟಿದ್ದರೆ ಎಷ್ಟೇ ಒಳ್ಳೆಯ ಕಂಪನಿಯ ಬೇರಿಂಗ್ ಹಾಕಿದರೂ ಬೇಗನೆ ಮತ್ತೆ ಗೊರಗೊರ ಸದ್ದು ಶುರುವಾಗುತ್ತದೆ.

ಆಯಿಲ್ ಸೀಲ್ ಹಳತಾದರೆ ಮಳೆನೀರು ಒಳಗೆ ಇಳಿಯುತ್ತದೆ. ಬೆಳಗಾವಿಯ ಮಳೆಗಾಲ ಗೊತ್ತೇ ಇದೆಯಲ್ಲ. ಗಾಡಿ ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದರೆ, ರೋಲರ್‌ಗಳು ಕೂತ ಜಾಗದಲ್ಲೇ ತುಕ್ಕು ಹಿಡಿದು ಶಾಫ್ಟಿನ ಮೇಲೆ ಸಮ ಅಂತರದ ಕಪ್ಪು ಗೆರೆಗಳು ಬಿದ್ದಿರುತ್ತವೆ. ಆ ಗೆರೆಗಳ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಶಾಫ್ಟ್ ಹಾಗೇ ಹಾಕಲು ಬರುವುದಿಲ್ಲ. ಉಗುರಿಗೆ ಸಿಗದಿದ್ದರೂ ಮೈಕ್ರೋಮೀಟರ್‌ನಿಂದ ಎರಡು ಮೂರು ಕಡೆ, ಅಡ್ಡಡ್ಡಲಾಗಿಯೂ ಅಳೆಯಿರಿ. ರೋಲರ್ ಓಡದ ಜಾಗಕ್ಕೂ ಓಡಿದ ಜಾಗಕ್ಕೂ ವ್ಯತ್ಯಾಸ ಕಂಡರೆ ಅದು ಸವೆದಿದೆ ಎಂದೇ ಅರ್ಥ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವ ಲೇತ್ ಅಂಗಡಿಗೆ ಹೋದರೂ “ವೆಲ್ಡಿಂಗ್ ತುಂಬಿಸಿ ಟರ್ನ್ ಮಾಡಿ ಕೊಡತೀವ್ರಿ” ಅನ್ನುವವರು ಸಿಗುತ್ತಾರೆ. ಅವರ ಕೈಕೆಲಸದ ಬಗ್ಗೆ ನನಗೆ ಗೌರವವಿದೆ. ಬೇರೆ ಎಷ್ಟೋ ಕಡೆ ಆ ರಿಪೇರಿ ಚೆನ್ನಾಗಿ ನಡೆಯುತ್ತದೆ. ಈ ಜಾಗಕ್ಕೆ ಮಾತ್ರ ಬೇಡ. ರೋಲರ್ ಓಡುವ ಮೈ ಸುಮಾರು 58 ಎಚ್‌ಆರ್‌ಸಿ (ಲೋಹದ ಗಡಸುತನದ ಅಳತೆ) ಅಥವಾ ಅದಕ್ಕೂ ಜಾಸ್ತಿ ಗಟ್ಟಿ ಇರಬೇಕು. ಸಾಮಾನ್ಯ ವೆಲ್ಡಿಂಗ್ ಅಷ್ಟು ಗಟ್ಟಿ ಬರುವುದಿಲ್ಲ. ಮೇಲಾಗಿ ಆ ಕಾವು ಶಾಫ್ಟಿನ ಮೂಲ ಹದವನ್ನೇ ಕೆಡಿಸುತ್ತದೆ. ಈ ಕಾರಿನಲ್ಲಿ ಗಾಲಿಯನ್ನು ಹಿಡಿದಿಡುವುದೇ ಆ ಶಾಫ್ಟ್. ಅದು ಹಬ್ ಹತ್ತಿರ ಮುರಿದರೆ ಗಾಲಿಯೇ ಕಳಚಿ ಹೋಗುತ್ತದೆ. ಹೊರದೇಶದಿಂದ ತರಿಸಲು ದುಡ್ಡು ಹಾಕುವುದಾದರೆ ಹೊಸ ಶಾಫ್ಟಿಗೆ ಹಾಕಿ.

ಶಾಫ್ಟಿನ ಮೈ ಚೆನ್ನಾಗಿದ್ದರೂ ಬಿರುಕು ಪರೀಕ್ಷೆ ಮಾಡಿಸಿ. ಬೆಳಗಾವಿ ಫೌಂಡ್ರಿಗಳ ಊರು, ಬಣ್ಣ ಹಾಕಿ ಬಿರುಕು ಹುಡುಕುವ ಡೈ ಪೆನೆಟ್ರೆಂಟ್ ಪರೀಕ್ಷೆ ಗೊತ್ತಿರುವವರು ಸಿಗುತ್ತಾರೆ. ಮೂರು ಸ್ಪ್ರೇ ಡಬ್ಬಿಗಳ ಕೆಲಸ. ಮೊದಲು ಕ್ಲೀನರ್, ಆಮೇಲೆ ಕೆಂಪು ಬಣ್ಣ. ಸ್ವಲ್ಪ ಹೊತ್ತು ಬಿಟ್ಟು ಬಣ್ಣ ಒರೆಸಿ ಬಿಳಿ ಡೆವಲಪರ್ ಹೊಡೆಯುತ್ತಾರೆ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಹಬ್ ಕೂರುವ ಟೇಪರ್ (ಶಾಫ್ಟಿನ ಸಪೂರಾಗುತ್ತಾ ಹೋಗುವ ತುದಿ) ಮತ್ತು ಅದರಲ್ಲಿ ಲೋಹದ ಚಾವಿ ಕೂರುವ ತೋಡಿನ ಸುತ್ತ ಚೆನ್ನಾಗಿ ನೋಡಿ.

ಇನ್ನು ಬೇರಿಂಗ್. ಹಳೆಯದನ್ನು ಎಸೆಯಬೇಡಿ, ಅದರ ಮೇಲೆ ಕೆತ್ತಿದ ನಂಬರ್ ಪೂರ್ತಿ ಬರೆದುಕೊಳ್ಳಿ. ಅದರ ಜೊತೆ ಕಾರಿನ ಪಾರ್ಟ್ಸ್ ಪುಸ್ತಕವನ್ನೂ ಹೋಲಿಸಿ, ಹಿಂದೆ ಯಾರೋ ತಪ್ಪು ಬೇರಿಂಗ್ ಹಾಕಿರಬಹುದು. ಬರೀ ಅಳತೆ ನಂಬಿದರೆ ತೊಂದರೆ ಇದೆ, ಯಾಕೆಂದರೆ ಹಳೇ ಬ್ರಿಟಿಷ್ ಗಾಡಿಗಳಲ್ಲಿ ಇಂಚಿನ ಬೇರಿಂಗ್‌ಗಳು ಬಹಳ. ಒಂದು ಇಂಚು ಅಂದರೆ 25.4 ಮಿ.ಮೀ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 6205 ನಂಬರಿನ ಬೇರಿಂಗ್‌ನ ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52. ಅದೇ ಒಂದು ಇಂಚು ಒಳವ್ಯಾಸದ ಆರ್‌ಎಲ್‌ಎಸ್ 8 ಬೇರಿಂಗ್‌ನ ಹೊರವ್ಯಾಸ 57.15. ಹೆಚ್ಚುಕಡಿಮೆ ಒಂದೇ ಅಂತ ಶಾಫ್ಟ್ ತಿಕ್ಕಿ ಕೂರಿಸುವುದು, ಹೌಸಿಂಗ್‌ಗೆ (ಬೇರಿಂಗ್ ಕೂರುವ ಗೂಡಿಗೆ) ಪಂಚ್ ಹೊಡೆದು ಬಿಗಿ ಮಾಡುವುದು, ಎರಡೂ ಬೇಡ.

ನಂಬರಿನ ಬಾಲವನ್ನೂ ಓದಿ. 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಸೀಲ್, ಝಡ್‌ಝಡ್ ಅಂದರೆ ತಗಡಿನ ಮುಚ್ಚಳ, ಸಿ3 ಅಂದರೆ ಒಳಗಿನ ಸಡಿಲ ಸಾಮಾನ್ಯಕ್ಕಿಂತ ಜಾಸ್ತಿ. ಪುಸ್ತಕದಲ್ಲಿ ಸಿ3 ಇಲ್ಲದಿದ್ದರೆ ಸುಮ್ನೆ ಸಿ3 ತರಬೇಡಿ. ನಕಲಿ ಬೇರಿಂಗ್‌ಗಳ ಕಾಟ ಇದೆ, ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ತಗೊಳ್ಳಿ. ಆಯಿಲ್ ಸೀಲ್ ಹೊಸದು ಹಾಕದೆ ಬೇರಿಂಗ್ ಹಾಕಲೇಬೇಡಿ.

ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಹಳೇ ಸಾಮಾನು ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡ್ ಚಾಸಿಯಿಂದ, ಹಿಂದಿನ ಆಕ್ಸಲ್ ಅದೇ ರೀತಿಯದು. ಆದರೂ ಪಾರ್ಟ್ ನಂಬರ್ ಹೋಲಿಸಿಯೇ ಕೊಳ್ಳಿ. 1972ರಲ್ಲಿ ಬಂದ ಅದೇ ಕಂಪನಿಯ ಗೆಝೆಲ್ ಕಾರಿನ ಹಿಂದಿನ ಆಕ್ಸಲ್ ಬೇರೆಯೇ, ಅದರ ಸಾಮಾನು ಬೇಡ.

ಬಿಚ್ಚುವಾಗ ಹಬ್‌ಗೆ ಸುತ್ತಿಗೆ ಹಾಕಬೇಡಿ. ಟೇಪರ್ ಮೇಲೆ ಭದ್ರವಾಗಿ ಕೂತಿರುತ್ತದೆ, ಎಳೆದು ತೆಗೆಯುವ ಗಟ್ಟಿ ಪುಲ್ಲರ್ ಬೇಕು. ಕೂರಿಸುವಾಗ ಹೈಡ್ರಾಲಿಕ್ ಪ್ರೆಸ್ ಇರುವಲ್ಲಿಗೆ ಒಯ್ಯಿರಿ. ಬಾಲ್ ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಒಳರಿಂಗ್ ಒತ್ತಬೇಕು, ಹೌಸಿಂಗ್‌ಗೆ ಇಳಿಸುವಾಗ ಹೊರರಿಂಗ್. ತಪ್ಪು ರಿಂಗ್ ಒತ್ತಿದರೆ ಗುಂಡುಗಳು ಓಡುವ ದಾರಿಯಲ್ಲಿ ಗುಳಿ ಬೀಳುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ. ನೀಡಲ್ ಬೇರಿಂಗನ್ನು ಅಕ್ಷರ ಇರುವ ಮುಖದ ಕಡೆಯಿಂದಲೇ ಒತ್ತಿಸಿ. ಗ್ರೀಸ್ ಲಿಥಿಯಂ ಸಾಕು. ರೋಲರ್‌ಗಳ ನಡುವೆ ಬೆರಳಿನಿಂದ ಚೆನ್ನಾಗಿ ತುಂಬಿ, ಹೌಸಿಂಗ್‌ನ ಖಾಲಿ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಡ. ಕಿಕ್ಕಿರಿದರೆ ಬಿಸಿಯಾಗಿ ಸೀಲ್ ದಾಟಿ ಬ್ರೇಕ್ ಶೂಗೆ ಬರುತ್ತದೆ.