ಮೂರನೆಯ ಚೀಲ

ಮೌಸಿನ ಬಲಗುಂಡಿ ಒತ್ತಿ ನಾಲ್ಕೈದು ಬಾರಿ ‘ರಿಫ್ರೆಶ್’ ಮಾಡಿದರೆ ಕಂಪ್ಯೂಟರ್ ಚುರುಕಾಗುತ್ತದೆಂಬ ನಂಬಿಕೆ ವಿರಾಜಪೇಟೆಯ ಅಂಗಡಿಗಳಲ್ಲಿಯೂ ಸುತ್ತಲಿನ ತೋಟಗಳ ಕಚೇರಿಗಳಲ್ಲಿಯೂ ಇನ್ನೂ ಉಳಿದಿದೆ. ಆ ಆಜ್ಞೆಯಿಂದ ಡೆಸ್ಕ್‌ಟಾಪಿನ ಐಕಾನ್‌ಗಳ ಪಟ್ಟಿಯನ್ನು ಯಂತ್ರ ಮತ್ತೊಮ್ಮೆ ಓದಿ ಬಿಡಿಸುತ್ತದೆ, ಅಷ್ಟೆ. ಮೆಮೊರಿ ಖಾಲಿಯಾಗುವುದಿಲ್ಲ, ಪ್ರೊಸೆಸರಿಗೆ ಬಲ ಬರುವುದಿಲ್ಲ. ಇದನ್ನು ನಂಬುವವರೇ, ಯಂತ್ರ ಕೆಡುತ್ತದೆಂದು ಹೆದರಿ, ನಿಜಕ್ಕೂ ಚುರುಕು ತರಬಲ್ಲ ಅಪ್‌ಡೇಟನ್ನು ವರ್ಷಗಟ್ಟಲೆ ಮುಂದೂಡುವುದು ನನಗೆ ಬಹಳ ಬೇಸರದ ಸಂಗತಿ.

ಹೊಸ ಆವೃತ್ತಿಗಳು ಚುರುಕು ತಂದ ಉದಾಹರಣೆಗಳಿವೆ. ತೆರೆದ ವಿಂಡೋಗಳನ್ನೆಲ್ಲ ಒಂದೇ ಚಿತ್ರವಾಗಿ ಹೊಂದಿಸುವ ಕೆಲಸವನ್ನು ಆಪಲ್ 2002ರಲ್ಲಿ, ತನ್ನ ಕಂಪ್ಯೂಟರುಗಳನ್ನು ನಡೆಸುವ ಮ್ಯಾಕ್ ಓಎಸ್ ಟೆನ್ನಿನ 10.2 ಆವೃತ್ತಿಯಲ್ಲಿ, ಚಿತ್ರ ಬಿಡಿಸಲೆಂದೇ ಇರುವ ಗ್ರಾಫಿಕ್ಸ್ ಚಿಪ್ಪಿಗೆ ವಹಿಸಿತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ ಅದೇ ಹಾದಿ ಹಿಡಿಯಿತು. ಆದರೆ ವಿಸ್ಟಾ ಅನೇಕ ವಿಂಡೋಗಳ ಚಿತ್ರವನ್ನು ಎರಡೆರಡು ಕಡೆ ಇಟ್ಟುಕೊಳ್ಳುತ್ತಿತ್ತು. 2009ರ ವಿಂಡೋಸ್ 7, ಚಿಪ್ಪನ್ನು ನಡೆಸುವ ತಕ್ಕ ತಂತ್ರಾಂಶ (ಡ್ರೈವರ್) ಇದ್ದಲ್ಲಿ, ಒಂದು ಪ್ರತಿಯನ್ನು ಕೈಬಿಟ್ಟು ಮೆಮೊರಿ ಉಳಿಸಿತು.

ನನ್ನ ಮನಸ್ಸು ಸೆಳೆದದ್ದು ಇನ್ನೂ ಸೂಕ್ಷ್ಮವಾದ ಒಂದು ಉಪಾಯ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ, ಅಂದರೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ, ಹೊಸ ಚಿತ್ರವನ್ನು ಎತ್ತಿಕೊಳ್ಳುತ್ತದೆ. ಕಾಫಿ ಕೊಯ್ಲಿನ ದಿನ ತೂಕ ಗಂಟೆಗೊಮ್ಮೆ ಮಾತ್ರ ನಡೆಯುತ್ತದೆ, ಕೊಯ್ಯುವವರ ಬಳಿ ಎರಡೇ ಚೀಲಗಳಿವೆ ಎಂದುಕೊಳ್ಳಿ. ಒಂದು ಚೀಲ ತಕ್ಕಡಿಯ ಮೇಲಿದೆ, ಇನ್ನೊಂದು ತುಂಬುತ್ತಿದೆ. ಅದು ತೂಕದ ಹೊತ್ತು ಕಳೆದ ಐದು ನಿಮಿಷಕ್ಕೆ ತುಂಬಿದರೆ, ಮುಂದಿನ ಸರದಿಯವರೆಗೆ ಗಿಡದಲ್ಲಿ ಹಣ್ಣಿದ್ದರೂ ಕೈ ಕಟ್ಟಿ ನಿಲ್ಲಬೇಕು. ಚಿತ್ರವೊಂದಕ್ಕೆ 20 ಮಿಲಿಸೆಕೆಂಡ್ ಹಿಡಿದರೆ ಗ್ರಾಫಿಕ್ಸ್ ಚಿಪ್ಪಿಗೆ ಒದಗುವ ಗತಿಯೂ ಇದೇ: ಸೆಕೆಂಡಿಗೆ 50 ಚಿತ್ರ ಬಿಡಿಸಬಲ್ಲದ್ದು 30ಕ್ಕೆ ಇಳಿಯುತ್ತದೆ.

ಇದಕ್ಕಿಂತ ಕೆಟ್ಟದ್ದು ಮುಂದಿದೆ. ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ದೂರದಿಂದ ಜನ ಸುಮ್ಮನೆ ನಿಂತದ್ದಷ್ಟೇ ಕಾಣುತ್ತದೆ. ಇಲ್ಲಿ ಕೆಲಸವೇ ಕಡಿಮೆ, ಅವಸರವೇನೂ ಬೇಡ ಎಂದು ಅವರು ತೀರ್ಮಾನಿಸುತ್ತಾರೆ. ವಿದ್ಯುತ್ ಉಳಿಸಲು ಚಿಪ್ಪಿನ ವೇಗವನ್ನು ಏರಿಳಿಸುವ ವ್ಯವಸ್ಥೆಯೂ ಹೀಗೆಯೇ ಮೋಸಹೋಗುತ್ತದೆ. ಹೆಚ್ಚು ವೇಗ ಬೇಕಾದ ಹೊತ್ತಿನಲ್ಲಿಯೇ ಚಿಪ್ಪು ಬಿಡುವಾಗಿರುವಂತೆ ಕಂಡು, ನಿಧಾನಗತಿಯಲ್ಲಿಯೇ ಉಳಿಯುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಜೋಡಿಸಿ, ತೆರೆದ ವಿಂಡೋಗಳೆಲ್ಲ ಒಟ್ಟಿಗೆ ಹರಡಿಕೊಳ್ಳುವ ಕೀಲಿ ಒತ್ತಿದಾಗ ಅವು ಜಾರುವ ಬದಲು ಮೆಟ್ಟಿಲಿಳಿದಂತೆ ಕುಲುಕುತ್ತಿದ್ದವು.

ಪರಿಹಾರ ಮೂರನೆಯ ಚೀಲ, ಅಂದರೆ ಚಿತ್ರ ಬಿಡಿಸಿಡಲು ಮೆಮೊರಿಯಲ್ಲಿ ಮೂರನೆಯದೊಂದು ಜಾಗ. ವಿಂಡೋಸಿನಂತೆ ಕಂಪ್ಯೂಟರ್ ನಡೆಸುವ, ಆದರೆ ಮುಕ್ತವಾದ ಲಿನಕ್ಸಿನಲ್ಲಿ ವಿಂಡೋಗಳನ್ನು ತೋರಿಸುವ ಗ್ನೋಮ್ ಡೆಸ್ಕ್‌ಟಾಪಿಗಾಗಿ, ಲಿನಕ್ಸಿನ ಒಂದು ರೂಪವಾದ ಉಬುಂಟುವಿನ ತಯಾರಕರಾದ ಕೆನಾನಿಕಲ್ ಸಂಸ್ಥೆಯಿಂದ 2020ರಲ್ಲಿ ಈ ಪ್ರಸ್ತಾಪ ಬಂತು. 2022ರ ಉಬುಂಟು 22.04 ಅದನ್ನು ಅಳವಡಿಸಿಕೊಂಡಿತು. ಪರಿಶೀಲನೆಗಳನ್ನೆಲ್ಲ ದಾಟಿ ಮೂಲ ಗ್ನೋಮಿಗೆ ಸೇರಿದ್ದು 2025ರ ಮಾರ್ಚಿನ 48ನೆಯ ಆವೃತ್ತಿಯಲ್ಲಿ. ತುಂಬಿದ ಚೀಲವನ್ನು ಪಕ್ಕಕ್ಕಿಟ್ಟು ಖಾಲಿಯದಕ್ಕೆ ಕೈಹಾಕಬಹುದಾದ್ದರಿಂದ ಚಿಪ್ಪು ಎಡೆಬಿಡದೆ ದುಡಿಯುತ್ತದೆ; ಅದನ್ನು ಕಂಡ ವ್ಯವಸ್ಥೆ ವೇಗವನ್ನು ಏರಿಸುತ್ತದೆ; ಆಗ ಚಿತ್ರ 16.7 ಮಿಲಿಸೆಕೆಂಡಿನೊಳಗೇ ಮುಗಿಯತೊಡಗಬಹುದು. ಆದರೆ ಚೀಲ ಹೆಚ್ಚಿದಷ್ಟೂ ಹಣ್ಣು ತಕ್ಕಡಿಗೆ ತಲಪುವುದು ತಡ, ಅಂದರೆ ಮೌಸ್ ಸರಿಸಿದ್ದು ಪರದೆಯಲ್ಲಿ ಕಾಣುವುದೂ ತಡ. ಆದ್ದರಿಂದ ಚಿಪ್ಪು ಹಿಂದೆ ಬಿದ್ದಾಗ ಮಾತ್ರ ಮೂರನೆಯದು ಹೊರಬರುತ್ತದೆ, ವೇಗ ಸುಧಾರಿಸಿದೊಡನೆ ಮತ್ತೆ ಮಡಚಿ ಒಳಗೆ ಸೇರುತ್ತದೆ.